ಗಾಳಿ ಖೋಲಿಯಲ್ಲಿ ಅವ್ವ

ಗೋಕಾಕದ ದೊಡ್ಡ ಅಂಗಡಿಗಳೊಳಗೆ ಹೋಗಿ ಬಂದವರು ಬೇಕಾದಷ್ಟು ಜನ ಇದ್ದಾರೆ. ಆ ಅಂಗಡಿಗಳ ಮೂಗಿನೊಳಗೆ ಹೋಗಿ ಬಂದವರು ನಾನು ಮತ್ತು ಅವ್ವ, ಇಬ್ಬರೇ ಇರಬೇಕು. ಏಸಿ ತೊಳೆಯುವುದು ನಮ್ಮ ಕಸುಬು. ಮನೆಯ ಗೋಡೆಗೆ ತೂಗುಹಾಕಿದ ಪುಟ್ಟ ಏಸಿ ಅಲ್ಲ, ಅದನ್ನು ತೊಳೆಯಲು ಓಣಿಗೊಬ್ಬ ಇದ್ದಾನೆ. ನಮ್ಮದು ಬಟ್ಟೆ ಅಂಗಡಿ, ಬ್ಯಾಂಕು, ದವಾಖಾನೆ, ಮಂಗಲ ಕಾರ್ಯಾಲಯಗಳ ದೊಡ್ಡ ಯಂತ್ರಗಳು. ಗೋಕಾಕ, ಮೂಡಲಗಿ, ಹುಕ್ಕೇರಿಯ ನಡುವೆ ತಂಪು ಗಾಳಿ ಎಲ್ಲೆಲ್ಲಿ ಬೀಸುತ್ತದೋ ಅಲ್ಲೆಲ್ಲ ಅದರ ಬೆನ್ನಿಗೆ ಒಂದು ಕೊಳಕು ಕೋಣೆ ಇರುತ್ತದೆ. ಆ ಕೋಣೆಯಲ್ಲಿ ವರ್ಷಕ್ಕೆ ಎರಡು ಸಲ ನಾವಿರುತ್ತೇವೆ.

ಆ ಕೋಣೆಗೆ ಅಪ್ಪ ಇಟ್ಟ ಹೆಸರು ಗಾಳಿ ಖೋಲಿ. ಕಾಗದಪತ್ರಗಳಲ್ಲಿ ಅದಕ್ಕೆ ಇಂಗ್ಲಿಷಿನ ಉದ್ದನೆಯ ಹೆಸರು ಇದೆ, ಇರಲಿ ಬಿಡಿ. ಅಂಗಡಿಯ ಹಿಂದೆ, ಸಾಮಾನ್ಯವಾಗಿ ಪಾಯಖಾನೆಯ ಪಕ್ಕದಲ್ಲಿ, ಒಬ್ಬರು ನಿಂತರೆ ಇನ್ನೊಬ್ಬರು ಗೋಡೆಗೆ ಒರಗಬೇಕಾದಷ್ಟೇ ಜಾಗ. ಒಂದು ಗೋಡೆಯಲ್ಲಿ ಜಾಲರಿ. ಅಂಗಡಿಯೊಳಗೆ ಬಿಸಿಯಾದ ಗಾಳಿ ಆ ಜಾಲರಿಯಿಂದ ಖೋಲಿಗೆ ಬರುತ್ತದೆ, ಫಿಲ್ಟರಿನಲ್ಲಿ ತನ್ನ ಧೂಳು ಬಿಡುತ್ತದೆ, ತೆಳು ತಗಡಿನ ಅಲಗುಗಳ ನಡುವೆ ಕೊಳವೆ ಸುತ್ತಿದ ತಣ್ಣಗಿನ ಕಾಯಿಲ್ ದಾಟುತ್ತದೆ. ಆಮೇಲೆ ದೊಡ್ಡ ಫ್ಯಾನು ಅದನ್ನು ಛಾವಣಿಯ ಮೇಲಿನ ತಗಡಿನ ಕೊಳವೆಗಳಿಗೆ ದೂಡುತ್ತದೆ, ಅಲ್ಲಿಂದ ಅದೇ ಗಾಳಿ ತಂಪಾಗಿ ಜನರ ನೆತ್ತಿಯ ಮೇಲೆ ಇಳಿಯುತ್ತದೆ. ಕಟ್ಟಡ ಉಸಿರಾಡುವುದೆಂದರೆ ಇಷ್ಟೇ. ಕೆಳಗೆ ಕುಳಿತವರಿಗೆ ಗಾಳಿ ಆಕಾಶದಿಂದ ಬಂದಂತೆ ಅನ್ನಿಸುತ್ತದೆ. ಅದು ಪಾಯಖಾನೆಯ ಪಕ್ಕದಿಂದ ಬರುತ್ತಿದೆ ಎಂದು ನಾವು ಯಾರಿಗೂ ಹೇಳುವುದಿಲ್ಲ, ಹೊಟ್ಟೆಪಾಡಿನ ಪ್ರಶ್ನೆ.

ಯಂತ್ರ ಬಂದ್ ಮಾಡಿ ಖೋಲಿಯ ಬಾಗಿಲು ಹಾಕಿಕೊಂಡರೆ ಹೊರಗಿನ ಲೋಕ ಜಾಲರಿಯಿಂದ ಚೂರುಚೂರಾಗಿ ಒಳಗೆ ಬರುತ್ತದೆ. ಮೂಡಲಗಿಯ ಒಂದು ಬಟ್ಟೆ ಅಂಗಡಿಯಲ್ಲಿ ನಾನು ಎಷ್ಟೋ ಮಧ್ಯಾಹ್ನಗಳನ್ನು ಹೀಗೆ ಕಳೆದಿದ್ದೇನೆ. ಸೀರೆ ಝಾಡಿಸಿದ ಸಪ್ಪಳ, ಬಳೆಯ ಸದ್ದು, ಯಾವುದೋ ಮಗುವಿನ ಹಟ, "ಇದರಾಗ ಹಸರ ಬಣ್ಣ ಐತೇನ್ರಿ" ಎನ್ನುವ ದನಿ. ಮಾತಾಡಿದವರ ಮುಖ ಕಾಣುವುದಿಲ್ಲ, ಕೇಳಿದ್ದಕ್ಕೆ ಉತ್ತರವೂ ಕೇಳಿಸುವುದಿಲ್ಲ. ಕಾಯಿಲಿನ ಮೇಲೆ ನೀರು ಬಿಡುತ್ತ ಕುಳಿತರೆ ಆ ಮಾತುಗಳೆಲ್ಲ ನೀರಿನ ಸದ್ದಿನಲ್ಲಿ ಕರಗಿ, ನಾನು ಕೇಳುತ್ತಿದ್ದೇನೋ ಕನಸು ಕಾಣುತ್ತಿದ್ದೇನೋ ತಿಳಿಯುತ್ತಿರಲಿಲ್ಲ. ಎಷ್ಟೋ ಸಲ ಕೈ ತನ್ನಷ್ಟಕ್ಕೆ ತೊಳೆಯುತ್ತಿತ್ತು, ನಾನು ಬೇರೆಲ್ಲೋ ಇರುತ್ತಿದ್ದೆ. ಅವ್ವ ಬೆನ್ನಿಗೆ ಒಂದು ತಟ್ಟಿ ನನ್ನನ್ನು ವಾಪಸ್ ಕರೆದುಕೊಂಡು ಬರುತ್ತಿದ್ದಳು. ಪದವಿ ಮುಗಿಸಿದವಳು ನಿದ್ದೆಗಣ್ಣಲ್ಲಿ ಕೆಲಸ ಮಾಡುವುದನ್ನು ನೋಡಿ ಅವಳಿಗೆ ನಗು ಬರುತ್ತಿತ್ತು.

ಪ್ರತಿ ಕಟ್ಟಡದ ಧೂಳು ಬೇರೆ. ಇದನ್ನು ತೊಳೆದವರಿಗೆ ಮಾತ್ರ ಗೊತ್ತು. ಬಟ್ಟೆ ಅಂಗಡಿಯ ಫಿಲ್ಟರಿನಲ್ಲಿ ನೂಲಿನ ಎಳೆಗಳು ಸೇರಿ ತೆಳ್ಳನೆಯ ಕಂಬಳಿಯೇ ಆಗಿರುತ್ತದೆ, ಮದುವೆಯ ತಿಂಗಳುಗಳಲ್ಲಿ ಅದು ಕೆಂಪಗೆ. ಬ್ಯಾಂಕಿನದು ಬೂದು, ಒಣಕಲು, ಯಾವ ವಾಸನೆಯೂ ಇಲ್ಲದ್ದು. ಕರದಂಟಿನ ಅಂಗಡಿಯ ಕಾಯಿಲ್ ಮಾತ್ರ ತುಪ್ಪ ಬೆಲ್ಲದ ಜಿಡ್ಡು ಹಿಡಿದು ಬಿಸಿನೀರಿಗೂ ಜಗ್ಗುವುದಿಲ್ಲ. ತೊಳೆದು ಮನೆಗೆ ಬಂದರೆ ಓಣಿಯ ಇರುವೆಗಳೆಲ್ಲ ನಮ್ಮ ಹಿಂದೆಯೇ. ಕಬ್ಬು ಅರೆಯುವ ದಿನಗಳಲ್ಲಿ ಹುಕ್ಕೇರಿಯ ಕಡೆ ಮಾಳಿಗೆಯ ಮೇಲಿಟ್ಟ ಯಂತ್ರಗಳ ತುಂಬ ಕಾರ್ಖಾನೆಯ ಕರಿ ಬೂದಿ, ಮುಟ್ಟಿದರೆ ಪುಡಿ. ಇನ್ನು ಚಿನ್ನದ ಅಂಗಡಿಯೊಂದರ ಮಾಲೀಕರು ನಾವು ಫಿಲ್ಟರ್ ತೊಳೆದ ನೀರನ್ನು ಚೆಲ್ಲಗೊಡುವುದಿಲ್ಲ. ತಮ್ಮದೇ ಬುಟ್ಟಿ, ತಮ್ಮದೇ ಬಕೀಟು. ತಳದಲ್ಲಿ ನಿಂತ ರಾಡಿಯನ್ನು ಒಣಗಿಸಿ ಎತ್ತಿಡುತ್ತಾರೆ. ಚಿನ್ನ ಇರುತ್ತದೋ ಇಲ್ಲವೋ, ಅವರು ನಮ್ಮ ಕೈಯ ಉಗುರನ್ನು ನೋಡುವ ರೀತಿ ಮಾತ್ರ ನೋಡುವಂಥದ್ದು.

ಅಪ್ಪ ಇದ್ದಾಗ ಈ ಕೆಲಸ ಅವನದು. ಅವ್ವ ಫಿಲ್ಟರುಗಳನ್ನು ಹಿತ್ತಲಿನ ನಳದ ಕೆಳಗೆ ಸೀರೆ ಒಗೆದ ಹಾಗೆ ತೊಳೆದು, ತಂತಿಯ ಮೇಲೆ ಸಾಲಾಗಿ ಒಣಹಾಕುತ್ತಿದ್ದಳು. ಮುಂದೆ ಅಪ್ಪ ಎದೆನೋವೆಂದು ಮಲಗಿದವನು ಏಳಲಿಲ್ಲ. ನಾನಾಗ ಕಾಲೇಜಿನ ಎರಡನೆಯ ವರ್ಷದಲ್ಲಿದ್ದೆ. ಒಂದು ತಿಂಗಳು ಕಳೆದ ಮೇಲೆ ಅವ್ವ ಅಪ್ಪನ ಚೀಲ ಹೆಗಲಿಗೆ ಹಾಕಿಕೊಂಡು ಹುಕ್ಕೇರಿಯ ಬಸ್ಸು ಹತ್ತಿದಳು. ಅಲ್ಲಿನ ಬ್ಯಾಂಕಿನ ಸಾಹೇಬರು ಮೇಲಿನಿಂದ ಕೆಳಗೆ ನೋಡಿ, ಗಂಡಸರು ಯಾರೂ ಬರಲಿಲ್ಲವೇ ಎಂದು ಕೇಳಿದರಂತೆ. "ಧೂಳಿಗೆ ಗಂಡಸರು ಹೆಂಗಸರು ಅಂತ ಗೊತ್ತಾಗೂದಿಲ್ರಿ" ಎಂದಳಂತೆ ಅವ್ವ. ಸಾಹೇಬರು ಖೋಲಿಯ ಕೀಲಿ ಕೊಟ್ಟರು.

ಓದು ಮುಗಿದ ಮೇಲೆ ನಾನೂ ಅವಳ ಜೊತೆ ನಿಂತೆ. ಯಾರೂ ಒತ್ತಾಯ ಮಾಡಲಿಲ್ಲ. ಬೇರೆ ಕೆಲಸ ಸಿಗಲಿಲ್ಲವೇ ಎಂದು ಕೇಳುವವರಿಗೆ, ನಾನು ಹುಡುಕಲೇ ಇಲ್ಲ ಎನ್ನುತ್ತೇನೆ. ನನಗೆ ಗಾಳಿ ಖೋಲಿ ಇಷ್ಟ. ಅದರಲ್ಲೂ ತೊಳೆದು ಮುಗಿಸಿ ಯಂತ್ರ ಚಾಲೂ ಮಾಡುವ ಆ ಒಂದು ಗಳಿಗೆ. ಮೊದಲು ಫ್ಯಾನು ಒಂದು ನಿಟ್ಟುಸಿರು ಬಿಡುತ್ತದೆ, ಆಮೇಲೆ ಇಡೀ ಕಟ್ಟಡ ನಮ್ಮ ಕಡೆ ಬಾಗಿ ಉಸಿರು ಎಳೆದುಕೊಳ್ಳುತ್ತದೆ. ಸೆರಗು ಕೂದಲು ಎಲ್ಲ ಕಾಯಿಲಿನ ಕಡೆಗೆ ಹಾರುತ್ತವೆ. ಅವ್ವ ಆಗ ಕಣ್ಣು ಮುಚ್ಚಿ ಗಾಳಿಗೆ ಮುಖ ಕೊಟ್ಟು ನಿಲ್ಲುವಳು. ಹಣೆಯ ಮೇಲೆ ಬೆಳಿಗ್ಗೆ ಹಚ್ಚಿದ ವಿಭೂತಿ ಬೆವರಿಗೆ ಅರ್ಧ ಅಳಿಸಿರುತ್ತಿತ್ತು. ಆ ಹೊತ್ತಿನಲ್ಲಿ ಅವಳು ನನ್ನ ಅವ್ವ ಅಲ್ಲ, ನನಗಿಂತ ಚಿಕ್ಕವಳಾದ ಯಾರೋ ಹುಡುಗಿ. ಏನು ಯೋಚಿಸುತ್ತಾಳೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಡ್ರೇನ್ ಪೈಪು ಕಟ್ಟಿಕೊಂಡಿದೆ ನೋಡು ಎನ್ನುತ್ತಿದ್ದಳು.

ಹೀಗಿರುವಾಗ ನನಗೆ ಕಣಗಲಾ ಊರಿನ ಹುಡುಗನೊಬ್ಬ ಗೊತ್ತಾದ. ಹೆದ್ದಾರಿಯ ಬದಿಗೆ ಅವನ ಟೈರಿನ ಅಂಗಡಿ. ನೋಡಲು ಬಂದ ದಿನ ಅವನ ತಾಯಿ, ಮದುವೆಯಾದ ಮೇಲೂ ಈ ಏಸಿ ಕೆಲಸ ಮಾಡುತ್ತೀಯೇನು ಎಂದು ಕೇಳಿದರು. ಮಾಡುತ್ತೇನೆ ಎಂದೆ. ಹಾಗಾದರೆ ನಮ್ಮ ಬೇಸಿಗೆಯ ಚಿಂತೆ ಹೋಯಿತು ಎಂದು ನಕ್ಕರು. ಅಷ್ಟಕ್ಕೇ ನಾನು ಒಪ್ಪಿಬಿಟ್ಟೆ. ಹುಡುಗನ ಮುಖವನ್ನು ಸರಿಯಾಗಿ ನೋಡಿದ್ದು ಆಮೇಲೆ.

ಮದುವೆ ನಿಶ್ಚಯವಾದ ಮೇಲೆ ಮಮದಾಪುರದಿಂದ ಅತ್ತಿ ಬಂದಳು. ಅತ್ತಿ ಎಂದರೆ ಅಪ್ಪನ ಅಕ್ಕ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ನಮ್ಮ ಮನೆಯ ಯಾವ ಕಾರ್ಯವೂ ಅವಳ ಮಾತಿಲ್ಲದೆ ನಡೆಯುವುದಿಲ್ಲ. ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡದೆ ನೀರು ಕುಡಿಯದವಳು. ಹೆಣ್ಣು ಗಂಡು, ಮೇಲು ಕೀಳು ಎಂಬುದು ಶರಣರಲ್ಲಿ ಇಲ್ಲವೇ ಇಲ್ಲ ಎಂದು ನನಗೆ ಮೊದಲು ಕಲಿಸಿದವಳೂ ಅವಳೇ. ಅಂಥ ಅತ್ತಿ ಜಗುಲಿಯ ಮೇಲೆ ಕುಳಿತು, ಎಲೆ ಅಡಿಕೆ ಹಾಕಿಕೊಳ್ಳುತ್ತ, ಬಹಳ ಮೆತ್ತಗೆ ಹೇಳಿದಳು.

"ಐದು ಮಂದಿ ಮುತ್ತೈದೇರು ಅರಿಷಿಣ ಹಚ್ಚತಾರ. ನಿಮ್ಮವ್ವ ಅವತ್ತ ಅಡಗಿ ಕಡೆ ನೋಡ್ಕೊಳ್ಳಲಿ. ಯಾರಿಗೂ ಬ್ಯಾಸರಾ ಮಾಡಾಕ ಹೇಳಾಕತ್ತಿಲ್ಲ, ನಿನ್ನ ಬಾಳೇ ಚೊಲೋ ಆಗಲಿ ಅಂತ."

ಗಂಡ ಸತ್ತವಳ ಕೈಯ ಅರಿಷಿಣ ಮದುಮಗಳಿಗೆ ತಾಗಬಾರದು ಎನ್ನುವುದನ್ನು ಇದಕ್ಕಿಂತ ಪ್ರೀತಿಯಿಂದ ಯಾರೂ ಹೇಳಲಾರರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುವಂಥದ್ದು, ಅವತ್ತು ಅದು ಕಣ್ಣಿಗೂ ಏರಿತು. ನಿಮ್ಮ ಶರಣರು ಅರಿಷಿಣದ ಬಟ್ಟಲು ಕಂಡ ಕೂಡಲೇ ಎಲ್ಲಿಗೆ ಎದ್ದು ಹೋಗುತ್ತಾರೆ ಎಂದು ಕೇಳುವುದಕ್ಕೆ ಬಾಯಿ ತೆರೆದೆ. ಒಳಗಿನಿಂದ ಚಹಾ ತಂದ ಅವ್ವ, ಅತ್ತಿ ಹೇಳಿದ್ದು ಸರಿಯಾಗಿದೆ ಎಂದುಬಿಟ್ಟಳು. ಕಪ್ಪನ್ನು ಅತ್ತಿಯ ಕೈಗೆ ಕೊಟ್ಟು, ಸಕ್ಕರೆ ಸಾಕೇನು ಎಂದೂ ಕೇಳಿದಳು. ಅದನ್ನು ನೋಡಿ ನನಗೆ ಅತ್ತಿಗಿಂತ ಅವಳ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಎರಡು ದಿನ ನಾವು ಮಾತಾಡಲಿಲ್ಲ. ಮೂರನೆಯ ದಿನ ಹುಕ್ಕೇರಿಯ ಬ್ಯಾಂಕಿನ ಪಾಳಿ. ಗಾಳಿ ಖೋಲಿಯಲ್ಲಿ ಇಬ್ಬರೂ ಒಬ್ಬರ ಬೆನ್ನಿಗೆ ಒಬ್ಬರು ಬೆನ್ನು ಕೊಟ್ಟು ಕೆಲಸ ಮಾಡುತ್ತಿದ್ದೆವು. ಅಷ್ಟು ಚಿಕ್ಕ ಜಾಗದಲ್ಲಿ ಮುನಿಸು ಬಹಳ ಹೊತ್ತು ಇರಲಾರದು, ಮೊಳಕೈ ಮೊಳಕೈಗೆ ತಾಗುತ್ತಲೇ ಇರುತ್ತದೆ. ಜಾಲರಿಯಾಚೆ ಯಾರೋ ಮುದುಕರು ಪಿಂಚಣಿ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದರು. ಅವ್ವ ಕಾಯಿಲಿಗೆ ನೀರು ಬಿಡುತ್ತ, ನನ್ನ ಕಡೆ ತಿರುಗದೆ, ಕಾಯಿಲಿಗೇ ಹೇಳುವ ಹಾಗೆ ಹೇಳಿದಳು.

"ನೀ ಹುಟ್ಟಿದಾಗ ತಿಂಗಳಗಟ್ಟಲೆ ಅರಿಷಿಣ ಎಣ್ಣಿ ಹಚ್ಚಿ ಎರದಾಕಿ ನಾ. ಮೈಯಾಗ ಎಲ್ಲಿ ಮಚ್ಚಿ ಐತಿ ಎಲ್ಲಿ ತೀಡಬೇಕು ಎಲ್ಲಾ ಈ ಕೈಗೆ ಗೊತ್ತೈತಿ. ಈಗ ಒಂದ ಬೊಟ್ಟ ಹಚ್ಚಬೇಕಂತ ನನಗ ಆಸೆ ಇಲ್ಲಂತ ತಿಳಿದಿಯೇನ?"

ನಾನು ತಿರುಗಿದೆ. ಹಾಗಾದರೆ ಹಚ್ಚು, ಯಾರು ತಡೆಯುತ್ತಾರೋ ನೋಡೋಣ, ನೀನು ಹಚ್ಚದಿದ್ದರೆ ನಾನು ಮಣೆಯ ಮೇಲೆ ಕೂರುವುದೇ ಇಲ್ಲ ಎಂದೆ. ಅವ್ವ ನೀರು ನಿಲ್ಲಿಸಿದಳು. ನೀನು ಅವತ್ತು ಜಗಳ ತೆಗೆದರೆ ನಾನು ಮದುವೆಗೇ ಬರುವುದಿಲ್ಲ, ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತೇನೆ ಎಂದಳು. ಅವಳ ದನಿಯಲ್ಲಿ ಬೆದರಿಕೆ ಇರಲಿಲ್ಲ, ಹೆದರಿಕೆ ಇತ್ತು. ಅತ್ತಿಯ ಮಾತಿಗಲ್ಲ, ತನ್ನ ಕೈಗೇ ಅವಳು ಹೆದರಿದ್ದಳು ಎಂದು ನನಗೆ ತಿಳಿದದ್ದು ಆಗ. ಜಗಳ ತೆಗೆಯುವುದಿಲ್ಲ ಎಂದು ಅವಳ ತಲೆ ಮುಟ್ಟಿ ಆಣೆ ಮಾಡಿದೆ. ಆಣೆ ಮಾಡಿದ ಕೈಯಲ್ಲೇ ಫಿಲ್ಟರಿನ ಬೂದು ರಾಡಿ ಇತ್ತು, ಅವಳ ಕೂದಲಿಗೆ ಹತ್ತಿತು. ನಾನು ಒರೆಸಿದೆ.

ಮದುವೆ ಗೋಕಾಕದ ಮಂಗಲ ಕಾರ್ಯಾಲಯದಲ್ಲಿ. ಅಲ್ಲಿನ ಯಂತ್ರವೂ ನಮ್ಮದೇ ಪಾಳಿಯದು, ಹಿಂದಿನ ವಾರವೇ ತೊಳೆದಿದ್ದೆವು. ಮೈತುಂಬ ಧೂಳು ಮೆತ್ತಿಕೊಂಡು ಹೊರಗೆ ಬಂದಾಗ ಕಾರ್ಯಾಲಯದ ಮ್ಯಾನೇಜರರು, ತನ್ನ ಮದುವೆಗೆ ತಾನೇ ಏಸಿ ತೊಳೆದ ಮದುಮಗಳನ್ನು ಇದೇ ಮೊದಲು ನೋಡಿದ್ದು ಎಂದು ತಮಾಷೆ ಮಾಡಿದರು. ಫ್ಯಾನಿನ ಬೆಲ್ಟು ಹಳತಾಗಿದೆ, ಬದಲಿಸಿರಿ ಎಂದು ಅವ್ವ ಅವರಿಗೆ ಹೇಳಿದಳು. ಈ ಮದುವೆಯೊಂದು ಮುಗಿಯಲಿ ಎಂದರು ಅವರು.

ಅರಿಷಿಣದ ದಿನ ಬೆಳಿಗ್ಗೆಯೇ ಬಿಸಿಲು ಕಾದಿತ್ತು. ಈಗಿನ ಕಾಲದ ರೀತಿಯಂತೆ ಹಾಲಿನ ತುಂಬ ಹಳದಿ ಪರದೆ, ಹಳದಿ ಚೆಂಡುಹೂವು, ಎಲ್ಲರ ಮೈಮೇಲೂ ಹಳದಿ ಬಟ್ಟೆ. ನಾನು ವೇದಿಕೆಯ ಮೇಲೆ ಮಣೆಯಲ್ಲಿ ಕುಳಿತೆ. ಸುತ್ತ ಐದು ಜನ ಮುತ್ತೈದೆಯರು, ಅವರಲ್ಲಿ ಅತ್ತಿಯೇ ಹಿರಿಯಳು. ಫೋಟೋದವನು ಗಲ್ಲ ಎತ್ತಿರಿ, ನಗಿರಿ, ಮತ್ತೊಮ್ಮೆ ಹಚ್ಚಿರಿ ಎನ್ನುತ್ತ ಸುತ್ತುತ್ತಿದ್ದ. ಅತ್ತಿ ಸೋಬಾನದ ಪದ ಎತ್ತಿದಳು. ಎಣ್ಣೆಯಲ್ಲಿ ಕಲಸಿದ ಅರಿಷಿಣ ತಣ್ಣಗೆ ಪಾದಕ್ಕೆ, ಮೊಳಕಾಲಿಗೆ, ತೋಳಿಗೆ ಹತ್ತತೊಡಗಿತು.

ನನ್ನ ಕಣ್ಣು ಅವ್ವನನ್ನು ಹುಡುಕುತ್ತಿತ್ತು. ಅವಳು ಅಡುಗೆಮನೆಯ ಬಾಗಿಲಲ್ಲಿ, ಕಂಬದ ಮರೆಗೆ ನಿಂತಿದ್ದಳು. ತಿಳಿ ಬೂದುಬಣ್ಣದ ಸೀರೆ. ಅಷ್ಟು ಹಳದಿಯ ನಡುವೆ ಆ ಬಣ್ಣ ಎಲ್ಲಿದ್ದರೂ ಕಾಣುತ್ತಿತ್ತು. ಹಾಲಿನ ಹಿಂದಿನ ಸಾಲಿನಲ್ಲಿ ಅವಳ ಹಾಗೆಯೇ ಗಂಡ ಸತ್ತವರು ಇನ್ನೂ ಮೂವರು ಇದ್ದರು. ನಮ್ಮ ಓಣಿಯ ಇಬ್ಬರು ಮತ್ತು ಹುಡುಗನ ಅಜ್ಜಿ. ಯಾರೂ ಅವರಿಗೆ ಹಿಂದೆ ಕೂರಿರೆಂದು ಹೇಳಿರಲಿಲ್ಲ, ಅವರೇ ಹೋಗಿ ಕುಳಿತಿದ್ದರು.

ಆಗ ಗಾಳಿ ನಿಂತಿತು. ಉಳಿದವರಿಗೆ ಗೊತ್ತಾಗುವ ಮೊದಲೇ ನನಗೆ ಗೊತ್ತಾಯಿತು. ಮೊದಲು ತಗಡಿನೊಳಗಿನ ಗುಂಯ್ ಎನ್ನುವ ಸದ್ದು ಹೋಯಿತು, ಆಮೇಲೆ ನೆತ್ತಿಯ ಮೇಲಿನ ತಂಪು. ಹಳೆಯ ಬೆಲ್ಟು ಜಾರಿತ್ತು. ಸ್ವಲ್ಪ ಹೊತ್ತಿನಲ್ಲಿ ಹೆಂಗಸರು ಸೆರಗಿನಿಂದ, ಮದುವೆಯ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳತೊಡಗಿದರು. ಮ್ಯಾನೇಜರರು ಮೂರು ಜನಕ್ಕೆ ಫೋನು ಮಾಡಿ, ಕೊನೆಗೆ ಅಡುಗೆಮನೆಯ ಕಡೆ ಓಡಿದರು. ಏಸಿಯವಳು ಅಲ್ಲೇ ನಿಂತಿದ್ದಾಳಲ್ಲ.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನ ಬಾಗಿಲಿನಿಂದ ಗಾಳಿ ಖೋಲಿಗೆ ಹೋದದ್ದನ್ನು ನೋಡಿದೆ. ಎಷ್ಟು ಬೇಗ ಹೋದಳು! ಮಗಳಿಗೆ ಅರಿಷಿಣ ಹಚ್ಚುವುದನ್ನು ಕಂಬದ ಮರೆಯಿಂದ ನೋಡುವುದಾದರೂ ಇತ್ತು, ಅದೂ ಬೇಡವಾಗಿ, ನೆಪ ಸಿಕ್ಕಿತೆಂದು ಓಡಿಹೋದಳು ಅನ್ನಿಸಿತು. ನನ್ನ ಮೈಮೇಲೆ ಐದು ಜನರ ಕೈಗಳು ಓಡಾಡುತ್ತಿದ್ದವು. ಎಲ್ಲವೂ ಒಳ್ಳೆಯ ಕೈಗಳೇ. ಅತ್ತಿ ನನ್ನ ಕೆನ್ನೆಗೆ ಹಚ್ಚುವಾಗ ಅವಳ ಕಣ್ಣಲ್ಲಿ ನೀರಿತ್ತು. ನಾನು ಮಾತ್ರ ಇಲ್ಲದ ಕೈಯನ್ನೇ ನೆನೆಯುತ್ತ, ಕಲ್ಲಿನ ಹಾಗೆ ಕುಳಿತಿದ್ದೆ. ಸೆಕೆಗೆ ಅರಿಷಿಣ ಒಣಗಿ ಚರ್ಮ ಬಿಗಿಯುತ್ತಿತ್ತು.

ಎಷ್ಟು ಹೊತ್ತಾಯಿತೋ. ಮೇಲೆ ತಗಡು ಒಮ್ಮೆ ಮಿಡುಕಿತು. ಫ್ಯಾನಿನ ನಿಟ್ಟುಸಿರು ಕೇಳಿತು. ಗಾಳಿ ಬಂತು, ಮೊದಲು ಬೆಚ್ಚಗೆ, ಆಮೇಲೆ ತಂಪಾಗಿ, ಎಲ್ಲರೂ ಹಾಯೆಂದು ಮುಖ ಮೇಲೆತ್ತಿದರು. ಆ ಮೇಲೆತ್ತಿದ ಮುಖಗಳ ಮೇಲೆ ಅರಿಷಿಣ ಇಳಿಯಿತು.

ಮೊದಲು ನನಗೆ ಬೆಳಕು ಅನ್ನಿಸಿತು. ಕಿಟಕಿಯ ಬಿಸಿಲಿಗೆ ಪರದೆಯ ಹಳದಿ ಬೆರೆತಿದೆ ಎಂದುಕೊಂಡೆ. ಹಿಟ್ಟಿನ ಗಿರಣಿಯಲ್ಲಿ ಹಾರುವಂಥ ನುಣುಪು ಹುಡಿ, ಅಷ್ಟೇ ಹಗುರ, ಬೀಳುತ್ತಿದೆಯೋ ತೇಲುತ್ತಿದೆಯೋ ಹೇಳಲಾಗದು. ಹಾಲಿನ ಛಾವಣಿಯ ಎಲ್ಲ ಗಾಳಿಬಾಯಿಗಳಿಂದ ಒಟ್ಟಿಗೆ ಬರುತ್ತಿತ್ತು. ವಾಸನೆ ಬಂದಾಗ ತಿಳಿಯಿತು. ಅಂಗಡಿಯ ಪುಡಿಯ ವಾಸನೆ ಅಲ್ಲ, ಬೇಯಿಸಿ ಒಣಗಿಸಿ ಮನೆಯಲ್ಲೇ ಕುಟ್ಟಿದ ಕೊಂಬಿನ ಖಾರವಾದ, ಮಣ್ಣಿನ ವಾಸನೆ. ಅದು ನನ್ನ ಕಣ್ರೆಪ್ಪೆಯ ಮೇಲೆ, ತುಟಿಯ ಮೇಲೆ, ಮಡಿಲಲ್ಲಿ ಚಾಚಿದ್ದ ಅಂಗೈಯ ಮೇಲೆ ಕೂತಿತು. ಯಾರ ಕೈಯೂ ಮುಟ್ಟದೆ ನನ್ನ ಮೈ ಪೂರ್ತಿ ಹಳದಿಯಾಗುತ್ತಿತ್ತು. ನಾನು ಮೂಡಲಗಿಯ ಮಧ್ಯಾಹ್ನಗಳ ಅರೆನಿದ್ದೆಯಲ್ಲಿ ಇದ್ದೇನೋ ಎಂದು ಕೂಡ ಅನ್ನಿಸಿತು. ಆದರೆ ಈ ಸಲ ಬೆನ್ನು ತಟ್ಟಿ ಎಬ್ಬಿಸುವವಳೇ ಕನಸನ್ನು ಕಳಿಸುತ್ತಿದ್ದಳು.

ಮೊದಲು ಬಾಯಿ ಬಿಟ್ಟವನು ಫೋಟೋದವನು. ಇದನ್ನು ಯಾರೋ ದುಡ್ಡು ಕೊಟ್ಟು ಮಾಡಿಸಿದ ಹೊಸ ಪ್ಯಾಕೇಜ್ ಎಂದು ತಿಳಿದಿದ್ದ ಪುಣ್ಯಾತ್ಮ. ಮೇಲಿನ ಗಾಳಿಬಾಯಿಯ ಕಡೆ ಕೈ ಬೀಸಿ, ಇನ್ನೊಮ್ಮೆ ಬಿಡ್ರಿ, ಈ ಕಡೆಯಿಂದ ತೆಗೆಯಬೇಕು ಎಂದು ಕೂಗಿದ. ಜನ ಗೊಳ್ಳೆಂದು ನಕ್ಕರು. ಮಕ್ಕಳು ಬಾಯಿ ತೆರೆದು ಹಿಡಿಯಲು ಓಡಿದರು.

ನಾನು ಹಿಂದಿನ ಸಾಲನ್ನು ನೋಡುತ್ತಿದ್ದೆ. ಗಾಳಿಗೆ ಮುಂದಿನ ಸಾಲು ಹಿಂದಿನ ಸಾಲು ಗೊತ್ತಿಲ್ಲ. ಅಲ್ಲಿ ಕುಳಿತ ಮೂವರ ತಿಳಿ ಸೀರೆಗಳ ಮೇಲೆ, ಬರಿಹಣೆಗಳ ಮೇಲೆ ಅದು ಅಷ್ಟೇ ನಿಧಾನವಾಗಿ ಇಳಿಯುತ್ತಿತ್ತು. ಹುಡುಗನ ಅಜ್ಜಿ ಗಾಬರಿಯಿಂದ ಸೆರಗಿನ ತುದಿ ಹಿಡಿದು ಮುಖ ಒರೆಸಿಕೊಳ್ಳಲು ಕೈ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಹಳದಿಯಾದ ತಮ್ಮ ಮುಂಗೈಯನ್ನು ನೋಡಿಕೊಂಡರು, ಆಮೇಲೆ ಪಕ್ಕದವಳ ಹಣೆಯನ್ನು ನೋಡಿದರು. ಸೆರಗನ್ನು ಬಿಟ್ಟು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸುಮ್ಮನೆ ಮುಖ ಮೇಲೆ ಮಾಡಿ ಕುಳಿತರು. ಮೂವರೂ ಹಾಗೇ ಕುಳಿತರು. ಯಾರೂ ಒರೆಸಿಕೊಳ್ಳಲಿಲ್ಲ.

ಅತ್ತಿ ಪದ ನಿಲ್ಲಿಸಿದ್ದಳು. ಅವಳು ಗಾಳಿಬಾಯಿ ನೋಡಿದಳು, ನನ್ನನ್ನು ನೋಡಿದಳು, ಖಾಲಿಯಾದ ಅಡುಗೆಮನೆಯ ಬಾಗಿಲನ್ನು ನೋಡಿದಳು. ಅವಳು ದಡ್ಡಿಯಲ್ಲ. ಎರಡು ಸಲ ಗಂಟಲು ಸರಿಮಾಡಿಕೊಂಡು, ಬಿಟ್ಟಲ್ಲಿಂದ ಪದವನ್ನು ಮತ್ತೆ ಎತ್ತಿಕೊಂಡಳು, ಮೊದಲಿಗಿಂತ ದೊಡ್ಡ ದನಿಯಲ್ಲಿ.

ನಾನು ಆಣೆ ಮುರಿಯಲಿಲ್ಲ. ಜಗಳ ತೆಗೆಯಲಿಲ್ಲ. ಮಣೆ ಬಿಟ್ಟು ಎದ್ದೆ, ಅಷ್ಟೇ. ಎಣ್ಣೆಯ ಕಾಲು ಜಾರುತ್ತದೆಂದು ಯಾರೋ ಕೂಗಿದರು. ವೇದಿಕೆ ಇಳಿದು, ಹಿಂದಿನ ಬಾಗಿಲು ದಾಟಿ, ಪಾಯಖಾನೆಯ ಪಕ್ಕದ ಗಾಳಿ ಖೋಲಿಯ ಬಾಗಿಲು ಎಳೆದೆ. ಒಳಗಿನ ಗಾಳಿ ಬಾಗಿಲನ್ನು ತನ್ನ ಕಡೆಗೇ ಎಳೆದು ಹಿಡಿದಿತ್ತು, ಎರಡು ಕೈಯಲ್ಲಿ ಜಗ್ಗಿದ ಮೇಲೆ ತೆರೆಯಿತು.

ಅವ್ವ ಫ್ಯಾನಿನ ಪಕ್ಕ ನಿಂತಿದ್ದಳು. ಒಂದು ಕೈಯಲ್ಲಿ ಖಾಲಿಯಾದ ಪೇಪರಿನ ಪೊಟ್ಟಣ. ಮೊಳಕೈವರೆಗೆ ಅರಿಷಿಣ, ಕೂದಲ ತುಂಬ ಅರಿಷಿಣ. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ನನ್ನನ್ನು ನೋಡಿದಳು. ಮಣೆ ಬಿಟ್ಟು ಯಾಕೆ ಎದ್ದು ಬಂದೆ ಎಂದು ಗದರಿಸಲು ಹೋಗಿ, ಕೈಯಲ್ಲಿನ ಪೊಟ್ಟಣವನ್ನು ಮುದುರಿದಳು.

"ನಾ ಹಚ್ಚಿಲ್ಲ" ಎಂದಳು. "ಗಾಳಿ ಹಚ್ಚೇತಿ."

ಆಮೇಲೆ ನಾನು ಕೇಳದಿದ್ದರೂ ಒಂದೊಂದಾಗಿ ಹೇಳತೊಡಗಿದಳು. ನಾನು ಮದುವೆಯ ಪತ್ರಿಕೆ ಹಂಚಲು ಹೋದ ದಿನ ಮನೆಯಲ್ಲಿ ಒಬ್ಬಳೇ ಅರಿಷಿಣ ಕುಟ್ಟಿ, ಬಟ್ಟೆಯಲ್ಲಿ ಮೂರು ಸಲ ಸೋಸಿದ್ದಂತೆ. ನಾಳೆ ನಾನು ಕಣಗಲಾಕ್ಕೆ ಹೋಗುವಾಗ ಬಟ್ಟೆಯ ಗಂಟಿನಲ್ಲಿ ಗುಟ್ಟಾಗಿ ಇಡಬೇಕೆಂದು ಸೊಂಟದಲ್ಲೇ ಇಟ್ಟುಕೊಂಡಿದ್ದಳಂತೆ. ಬೆಲ್ಟು ಏರಿಸಿ ಆದ ಮೇಲೆ ಜ್ಞಾನವೇ ಇರಲಿಲ್ಲ, ಕೈ ತಾನೇ ಪೊಟ್ಟಣ ಬಿಚ್ಚಿತು ಎಂದಳು. ಜ್ಞಾನ ಇರಲಿಲ್ಲ ಎನ್ನುವವಳು, ಫಿಲ್ಟರಿನ ಮುಂದೆ ಹಾಕಿದರೆ ಅಲ್ಲೇ ನಿಲ್ಲುತ್ತದೆಂದು ಫ್ಯಾನಿನ ಬಾಜೂ ಹಾಕಿದ್ದನ್ನು ಮಾತ್ರ ಮರೆಯದೆ ಹೇಳಿದಳು. ಇನ್ನು ಎಲ್ಲ ಫಿಲ್ಟರ್ ಮತ್ತೆ ತೊಳೆಯಬೇಕು ಎಂದೂ ಸೇರಿಸಿದಳು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

"ಗಾಳಿ ಹಚ್ಚಿದ್ದಾತು. ಈಗ ನೀ ಹಚ್ಚು" ಎಂದು ಮುಖ ಮುಂದೆ ಮಾಡಿದೆ.

ಅವ್ವ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಅಷ್ಟು ಚಿಕ್ಕ ಖೋಲಿಯಲ್ಲಿ ಹಿಂದೆ ಸರಿಯಲು ಜಾಗವಿರಲಿಲ್ಲ. ಅವಳ ಬೆನ್ನು ತಗಡಿಗೆ ತಾಗಿತು.

"ನಿನಗೇನರ ಆದ್ರ?" ಎಂದಳು. "ನಿನ್ನ ಮನ್ಯಾಗ ಏನರ ಆದ್ರ ನಾ ಹೆಂಗ ಇರಲಿ?"

ಇಷ್ಟು ವರ್ಷ ಅವಳು ಈ ಹೆದರಿಕೆಯನ್ನು ಹೊತ್ತುಕೊಂಡೇ ಹುಕ್ಕೇರಿಯ ಬಸ್ಸು ಹತ್ತಿದ್ದಳು, ಕಾಯಿಲ್ ತೊಳೆದಿದ್ದಳು, ಗಾಳಿಗೆ ಮುಖ ಕೊಟ್ಟು ನಿಂತಿದ್ದಳು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ನಾನು ಅವಳ ಬೆನ್ನ ಹಿಂದೆ ಕೈ ಹಾಕಿ ಅವಳ ಎರಡೂ ಕೈಗಳನ್ನು ಹಿಡಿದು ಮುಂದಕ್ಕೆ ತಂದೆ.

"ಅಪ್ಪ ಸತ್ತಿದ್ದು ನಿನ್ನ ಕೈಯಿಂದ ಅಲ್ಲವ್ವಾ."

ಜಾಲರಿಯಾಚೆಯಿಂದ ಅತ್ತಿಯ ಪದ ಬರುತ್ತಿತ್ತು. ಅವ್ವ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎರಡೂ ಅಂಗೈಗಳನ್ನು ನನ್ನ ಕೆನ್ನೆಗಳ ಮೇಲೆ ಇಟ್ಟು, ಮೆಲ್ಲಗೆ ಕಿವಿಯ ಕಡೆಗೆ ಎಳೆದಳು, ಮತ್ತೆ ಗಲ್ಲದ ಕಡೆಗೆ. ವರ್ಷಗಟ್ಟಲೆ ಕಾಯಿಲಿನ ಅಲಗುಗಳು ಕೊಯ್ದು ಕೊಯ್ದು ಅವಳ ಬೆರಳುಗಳು ಜಡ್ಡುಗಟ್ಟಿದ್ದವು. ಕೆನ್ನೆ ತರಚಿ ಉರಿಯಿತು. ಉರಿಯಿತೇನು ಎಂದು ಕೇಳಿ ಕೈ ತೆಗೆಯಲು ಹೋದಳು.

ಇನ್ನೂ ಹಚ್ಚು ಎಂದೆ.